ಅಜ್ಜನ ಕ್ಯಾಸೆಟ್: ಚಿಕ್ಕಮ್ಮ ಕೇಳಿದ್ದಕ್ಕೆ

ಚಿಕ್ಕಮ್ಮ, ನಿಮ್ಮ ಮೆಸೇಜ್ ಈಗಷ್ಟೇ ನೋಡ್ದೆ. ನಿನ್ನೆ ನಾನು ಗ್ರೂಪಿಗೆ ಹಾಕಿದ ಅಜ್ಜನ ಮಾತಿನ ತುಣುಕು ಕೇಳಿ, "ಇಷ್ಟು ಸ್ಪಷ್ಟವಾಗಿ ಹೆಂಗೋ ಬಂತು? ನನ್ನ ಹತ್ರಾನೂ ಎರಡು ಕ್ಯಾಸೆಟ್ ಇದೆ, ಟೇಪ್ ರೆಕಾರ್ಡರ್ ಮುಂದೆ ಫೋನ್ ಇಟ್ಟು ರೆಕಾರ್ಡ್ ಮಾಡಿ ಕಳಿಸ್ಲಾ, ನೀನು ಕಂಪ್ಯೂಟರಲ್ಲಿ ಕ್ಲೀನ್ ಮಾಡ್ಕೊಳ್ತೀಯಾ?" ಅಂತ ಕೇಳಿದ್ದೀರಿ. ಚಿಕ್ಕಮ್ಮ, ದಯವಿಟ್ಟು ಫೋನ್ ಇಟ್ಟು ಮಾಡ್ಬೇಡಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಕೈಕೆಲಸ ಮಾಡ್ಕೊಂಡೇ ಕೇಳಿ.

ಅದಕ್ಕೂ ಮುಂಚೆ ಒಂದು ಕೆಲಸ ಇದೆ, ಇವತ್ತೇ ಆಗ್ಬೇಕು. ಕ್ಯಾಸೆಟ್ ತಗೊಂಡು ಟೇಪ್ ಕಾಣೋ ಕಡೆ ಕೆಳಗೆ ಬರೋ ಹಾಗೆ ಹಿಡ್ಕೊಳ್ಳಿ. ಮೇಲಿನ ಅಂಚಲ್ಲಿ, ಎಡಗಡೆ ಮೂಲೆಗೊಂದು ಬಲಗಡೆ ಮೂಲೆಗೊಂದು, ಉಗುರಿಗಿಂತ ಚಿಕ್ಕ ಪ್ಲಾಸ್ಟಿಕ್ ಚೂರು ಇರುತ್ತೆ. ಎರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಮುರಿದುಬಿಡಿ. ಒಂದೊಂದು ಚೂರು ಒಂದೊಂದು ಬದಿಯದ್ದು. ಅದು ಹೋಯ್ತು ಅಂದ್ರೆ ಟೇಪ್ ರೆಕಾರ್ಡರಲ್ಲಿ ರೆಕಾರ್ಡ್ ಬಟನ್ ಒತ್ತಿದ್ರೂ ಕೆಳಗೆ ಹೋಗಲ್ಲ, ಯಾರೂ ಗೊತ್ತಿಲ್ಲದೆ ಅಜ್ಜನ ಮೇಲೆ ಇನ್ನೊಂದು ರೆಕಾರ್ಡ್ ಮಾಡೋಕಾಗಲ್ಲ. ಆಗ್ಲೇ ಮುರಿದು ತೂತಾಗಿದ್ರೆ ಒಳ್ಳೇದೇ, ಯಾರೋ ತಿಳಿದವರು ಮಾಡಿಟ್ಟಿದ್ದಾರೆ ಅಂತ ಅರ್ಥ.

ಈಗ ಫೋನ್ ವಿಷಯ. ಫೋನ್ ಎದುರಿಗಿಟ್ರೆ ಅದಕ್ಕೆ ಕೇಳ್ಸೋದು ಟೇಪಲ್ಲಿರೋದು ಮಾತ್ರ ಅಲ್ಲ. ಸ್ಪೀಕರಿನ ಗೊರಗೊರ, ರೂಮಿನ ಗೋಡೆಗೆ ಬಡಿದು ವಾಪಸ್ ಬರೋ ಸದ್ದು, ಫ್ಯಾನು, ಎಲ್ಲಾ ಸೇರ್ಕೊಳ್ಳುತ್ತೆ. ಅದರ ಮೇಲೆ ಫೋನ್ ತಾನೇ ಸದ್ದನ್ನ ಏರ್ಸಿ ಇಳ್ಸಿ ಮಾಡುತ್ತೆ, ಅಜ್ಜ ಸುಮ್ನಾದ ಕೂಡ್ಲೇ ಹಿಂದಿನ ಸುಯ್ ಅನ್ನೋ ಸದ್ದು ಮೇಲೆದ್ದು ಬರುತ್ತೆ. ಇದನ್ನ ಆಮೇಲೆ ಪೂರ್ತಿಯಾಗಿ ಬಿಡಿಸೋಕೆ ಯಾವ ಸಾಫ್ಟ್‌ವೇರಿಗೂ ಆಗಲ್ಲ. ವೈರಲ್ಲೇ ತಗೋಬೇಕು. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿಂದ ಅಥವಾ ಲೈನ್ ಔಟ್ (ಸದ್ದನ್ನ ವೈರಲ್ಲಿ ಹೊರಗೆ ಕೊಡೋ ತೂತು) ಇದ್ರೆ ಅಲ್ಲಿಂದ ನೇರ ಕಂಪ್ಯೂಟರಿಗೆ. ಲ್ಯಾಪ್‌ಟಾಪಲ್ಲಿರೋ ಒಂದೇ ತೂತು ಸಾಮಾನ್ಯವಾಗಿ ಮೈಕಿಗೆ ಅಂತ ಮಾಡಿದ್ದು, ಟೇಪಿಂದ ಬರೋ ಸಿಗ್ನಲ್ ಅದಕ್ಕೆ ಜಾಸ್ತಿ ಆಗಿ ಒಡೆಯುತ್ತೆ. ಅದಕ್ಕೇ ನಾನು ಲೈನ್ ಇನ್, ಅಂದ್ರೆ ಇಂಥ ಸಿಗ್ನಲ್ ತಗೊಳ್ಳೋಕೆ ಅಂತಲೇ ಮಾಡಿದ ತೂತು, ಇರೋ ಒಂದು ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ಇಟ್ಕೊಂಡಿದ್ದೀನಿ.

ನಾನು ಬಳಸೋದು ಆಡಾಸಿಟಿ, ಸದ್ದನ್ನ ರೆಕಾರ್ಡ್ ಮಾಡಿ ತಿದ್ದೋ ಸಾಫ್ಟ್‌ವೇರ್. ಡೊಮಿನಿಕ್ ಮಝೋನಿ, ರೋಜರ್ ಡ್ಯಾನೆನ್‌ಬರ್ಗ್ ಅನ್ನೋ ಇಬ್ಬರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿ 2000ದಲ್ಲಿ ಎಲ್ರಿಗೂ ಬಿಟ್ಟಿದ್ದು. ದುಡ್ಡು ಕೊಡಬೇಕಿಲ್ಲ, ಸೋರ್ಸ್ ಕೋಡ್ ಕೂಡ ತೆರೆದೇ ಇದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತೆ. ಎಷ್ಟೋ ವರ್ಷದಿಂದ ನನ್ನ ಸಂಜೆಗಳೆಲ್ಲ ಇದರ ಮುಂದೆನೇ ಕಳೆದಿವೆ, ನನಗೆ ಅದರ ಮೇಲೆ ನಿಜವಾಗ್ಲೂ ಪ್ರೀತಿ ಇದೆ.

ಕ್ಯಾಸೆಟಲ್ಲಿ ಟೇಪ್ ಒಂದು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತೆ. 60 ನಿಮಿಷದ ಕ್ಯಾಸೆಟ್ ಅಂದ್ರೆ ಒಂದು ಬದಿ ಅರ್ಧ ಗಂಟೆ, ಎರಡೂ ಸೇರಿ ಒಂದು ಗಂಟೆ ಕೂತು ಕೇಳ್ಲೇಬೇಕು. ನನಗೆ ಅದೇ ಇಷ್ಟ. ಇಯರ್‌ಫೋನ್ ಹಾಕ್ಕೊಂಡು, ಸ್ಕ್ರೀನಲ್ಲಿ ಅಜ್ಜನ ದನಿ ನೀಲಿ ಅಲೆಯಾಗಿ ಬರೆದುಕೊಳ್ತಾ ಹೋಗೋದನ್ನ ನೋಡ್ತಾ ಕೂರ್ತೀನಿ. ಅವರು ನಕ್ಕಾಗ ಅಲೆ ಒಮ್ಮೆಲೇ ಎತ್ತರ ಆಗುತ್ತೆ. ಆ ನಗುವಿಗೇ ಲೆವೆಲ್ ಇಡ್ಬೇಕು. ಕಂಪ್ಯೂಟರಲ್ಲಿ ಸದ್ದಿನ ಮೇಲಿನ ಮಿತಿ ಸೊನ್ನೆ ಡೆಸಿಬಲ್, ಎಲ್ಲಕ್ಕಿಂತ ಜೋರಾಗಿರೋ ಜಾಗ ಅದಕ್ಕಿಂತ ಕೆಳಗೆ, ಮೈನಸ್ 6 ಡೆಸಿಬಲ್ ಹತ್ರ ಬಂದ್ರೆ ಸರಿ. ಸೊನ್ನೆ ದಾಟ್ತು ಅಂದ್ರೆ ಅಲೆಯ ತಲೆ ಕತ್ತರಿಸಿದ ಹಾಗೆ ಚಪ್ಪಟೆ ಆಗುತ್ತೆ, ಹೋದ ಭಾಗ ಹೋಯ್ತು, ನಗು ಹೋಗಿ ಕರಕರ ಉಳಿಯುತ್ತೆ. ಕಡಿಮೆ ಲೆವೆಲಲ್ಲಿ ಬಂದದ್ದನ್ನ ಆಮೇಲೆ ಏರಿಸ್ಬಹುದು.

ಗುಂಯ್ ಅಂತ ಒಂದೇ ಸಮ ಸದ್ದು ಬಂದ್ರೆ ಅದು ಕರೆಂಟಿನ 50 ಹರ್ಟ್ಸ್. ಮೊದ್ಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡ್ತೀನಿ, ಎಷ್ಟೋ ಸಲ ಅಷ್ಟಕ್ಕೇ ನಿಂತುಹೋಗುತ್ತೆ.

ಈಗ ನೀವು ಕೇಳಿದ ಕ್ಲೀನ್ ಮಾಡೋ ವಿಷಯ. ಆಡಾಸಿಟಿಯಲ್ಲಿ ನೋಯ್ಸ್ ರಿಡಕ್ಷನ್, ಅಂದ್ರೆ ಗದ್ದಲ ಇಳಿಸೋದು, ಅಂತ ಒಂದಿದೆ. ಅಜ್ಜ ಮಾತಾಡದೇ ಇರೋ ಎರಡು ಮೂರು ಸೆಕೆಂಡ್ ಆರಿಸಿ, "ಗದ್ದಲ ಅಂದ್ರೆ ಇದು" ಅಂತ ಅದಕ್ಕೆ ತೋರಿಸ್ಬೇಕು. ಆಮೇಲೆ ಪೂರ್ತಿ ಆರಿಸಿ ಒತ್ತಿದ್ರೆ ಆ ಥರದ ಸದ್ದನ್ನ ಎಲ್ಲಾ ಕಡೆ ಇಳಿಸುತ್ತೆ. ಮೊದಮೊದ್ಲು ನಾನು ಅದನ್ನ ಪೂರ್ತಿ ತಿರುಗಿಸ್ಬಿಡ್ತಿದ್ದೆ, ಸುಯ್ ಅನ್ನೋದು ಒಂದು ಚೂರೂ ಇರಬಾರದು ಅಂತ. ಆದ್ರೆ ಅಲ್ಲೇ ರೆಸಿಡ್ಯೂ ಅಂತ ಒಂದು ಆಯ್ಕೆ ಇದೆ. ತೆಗೆದುಹಾಕಿದ್ದು ಏನು ಅನ್ನೋದನ್ನಷ್ಟೇ ಕೇಳಿಸೋದು ಅದು. ಒಂದಿನ ಸುಮ್ನೆ ಒತ್ತಿ ನೋಡ್ದೆ. ಚಿಕ್ಕಮ್ಮ, ಕಸ ಅಂತ ನಾನು ಎಸೆದಿದ್ದರಲ್ಲಿ ಅಜ್ಜ ಮಾತಾಡ್ತಿದ್ರು. ಪಿಸುಮಾತಿನ ಹಾಗೆ, ಆದ್ರೆ ಅವರೇ. ಟೇಪಿನ ಸುಯ್ ಸದ್ದೂ ನಮ್ಮ ಬಾಯಿಂದ ಬರೋ "ಸ", "ಶ" ಸದ್ದೂ ಹೆಚ್ಚುಕಡಿಮೆ ಒಂದೇ ಜಾತಿ, ಸಾಫ್ಟ್‌ವೇರಿಗೆ ಬೇರೆ ಮಾಡೋಕೆ ಬರಲ್ಲ. ಅವರು "ಸಂಜೆ" ಅಂದಿದ್ದು ನನ್ನ ಫೈಲಲ್ಲಿ "ಅಂಜೆ" ಆಗಿತ್ತು. ಮಾತಿನ ಕೊನೆಗೆ ದನಿ ಇಳಿಸ್ತಿದ್ರಲ್ಲ, ನಿಮಗೆ ನೆನಪಿರುತ್ತೆ, ಆ ಇಳಿದ ಭಾಗವೂ ಹೋಗಿತ್ತು.

ಅವತ್ತಿಂದ ನನ್ನ ಅಭ್ಯಾಸ ಇಷ್ಟೇ. 6 ಡೆಸಿಬಲ್ ಇಳಿಸ್ತೀನಿ, ರೆಸಿಡ್ಯೂ ಕೇಳ್ತೀನಿ, ಅದರಲ್ಲಿ ಬರೀ ಸುಯ್ ಇದ್ರೆ ಸರಿ, ಮನುಷ್ಯರ ದನಿ ಬಂದ್ರೆ ಇನ್ನೂ ಕಡಿಮೆ ಮಾಡ್ತೀನಿ. ನಿನ್ನೆ ನೀವು ಕೇಳಿದ್ರಲ್ಲಿ ಸುಯ್ ಇನ್ನೂ ಇದೆ, ಗಮನ ಕೊಟ್ಟು ಕೇಳಿ. ಒಂದು ನಿಮಿಷ ಆದ್ಮೇಲೆ ಕಿವಿ ಅದನ್ನ ಮರೀತು, ಅದಕ್ಕೇ ನಿಮಗೆ ಸ್ಪಷ್ಟ ಅನ್ನಿಸ್ತು.

ಇನ್ನೊಂದನ್ನೂ ಹೇಳ್ಬೇಕು, ಹೇಳೋಕೆ ಸಂಕಟ ಆಗುತ್ತೆ. ಆ ರೆಸಿಡ್ಯೂ ಕೇಳೋಕೆ ಮುಂಚೆ ಇನ್ನೊಂದು ಕ್ಯಾಸೆಟನ್ನ ಅದೇ ಥರ ಉಜ್ಜಿ ಉಜ್ಜಿ, ಮೂಲ ಫೈಲಿನ ಮೇಲೇ ಸೇವ್ ಮಾಡ್ಬಿಟ್ಟಿದ್ದೆ. ತಪ್ಪು ಗೊತ್ತಾದ್ಮೇಲೆ ಕ್ಯಾಸೆಟ್ ಮತ್ತೆ ಹಾಕಿದ್ರೆ ಟೇಪ್ ರೋಲರಿಗೆ ಸುತ್ತಿಕೊಂಡು ಮಡಚಿಹೋಯ್ತು. ಸುಮಾರು ಎರಡು ನಿಮಿಷದಷ್ಟು ಭಾಗ. ಅಷ್ಟು ಮಾತ್ರ ಈಗ ನನ್ನ ಹತ್ರ ಇರೋದು ಆ ಉಜ್ಜಿದ ರೂಪದಲ್ಲೇ, ಅಜ್ಜ ನೀರೊಳಗೆ ಮುಳುಗಿ ಮಾತಾಡಿದ ಹಾಗೆ. ಅದಕ್ಕೇ ಈಗ ಟೇಪಿಂದ ಬಂದದ್ದನ್ನ ಒಂದು ಅಕ್ಷರ ಮುಟ್ಟದೆ ಮೊದ್ಲು ಇಟ್ಟುಬಿಡ್ತೀನಿ, ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಲ್ಲಿ, ಆಮೇಲೆ ಪ್ರತಿ ಮಾಡ್ಕೊಂಡು ಅದರ ಮೇಲೆ ಕೆಲಸ. ಸಿಡಿ ಗುಣಮಟ್ಟದಲ್ಲಿ, ಅಂದ್ರೆ ಸೆಕೆಂಡಿಗೆ 44,100 ಸಲ ಅಳೆದು, 16 ಬಿಟ್, ಸ್ಟೀರಿಯೋ ತಗೊಂಡ್ರೆ ನಿಮಿಷಕ್ಕೆ ಸುಮಾರು 10 ಎಂಬಿ. ಒಂದು ಗಂಟೆಗೆ 635 ಎಂಬಿ ಹತ್ರ. ಫ್ಲ್ಯಾಕ್ ಅನ್ನೋ ಥರದ ಫೈಲ್ ಮಾಡಿದ್ರೆ ಏನೂ ಕಳ್ಕೊಳ್ಳದೆ ಇನ್ನೂ ಚಿಕ್ಕದಾಗುತ್ತೆ. ಎಂಪಿ3 ಮಾಡೋದು ಗ್ರೂಪಲ್ಲಿ ಹಂಚೋಕೆ ಮಾತ್ರ.

ಭಾವ, ನೀವು ಕೆಳಗೆ ಕೇಳಿದ್ರಲ್ಲ, ಹಳೆ ಹಾರ್ಡ್ ಡಿಸ್ಕಲ್ಲಿ ಎಯುಪಿ ಅಂತ ಕೊನೆಯಾಗೋ ಫೈಲ್ ಇದೆ, ತೆರೆದ್ರೆ ಸದ್ದೇ ಇಲ್ಲ ಅಂತ. ಆಡಾಸಿಟಿ 3.0 ಬಂದಿದ್ದು 2021ರಲ್ಲಿ, ಅದಕ್ಕೂ ಮುಂಚೆ ಆಡಾಸಿಟಿ ಕೆಲಸವನ್ನ ಉಳಿಸಿಡ್ತಿದ್ದ ಆ ಎಯುಪಿ ಫೈಲಲ್ಲಿ ಇರ್ತಿದ್ದದ್ದು ಯಾವ ಸದ್ದು ಎಲ್ಲಿದೆ ಅನ್ನೋ ಪಟ್ಟಿ ಮಾತ್ರ. ಸದ್ದು ಅದೇ ಹೆಸರಿನ ಕೊನೆಗೆ ಡೇಟಾ ಅಂತ ಇರೋ ಫೋಲ್ಡರಲ್ಲಿ ಇರ್ತಿತ್ತು. ಆ ಫೋಲ್ಡರ್ ಹುಡುಕಿ, ಸಿಕ್ರೆ ಎರಡನ್ನೂ ಒಂದೇ ಜಾಗದಲ್ಲಿಟ್ಟು ತೆರೀರಿ. ಹೆಸರು ಬದಲಾಯಿಸ್ಬೇಡಿ.

ಎಐ ಹಾಕಿ ಮಾಡ್ಬಹುದಲ್ವಾ ಅಂತ ತಮ್ಮ ಕೇಳಿದ್ದ, ಮಾಡಿ ನೋಡ್ದೆ ಕಣೋ. ವಾರ್ತೆ ಓದೋರ ಥರ ಶುದ್ಧವಾಗಿ ಬಂತು. ಆದ್ರೆ ಅಜ್ಜ ನುಂಗಿಕೊಂಡ ಒಂದು ಪದದ ಜಾಗದಲ್ಲಿ ಅವರು ಹೇಳದೇ ಇರೋ ಸದ್ದೊಂದು ಇತ್ತು. ನನಗೆ ಅದು ಬೇಡ ಅನ್ನಿಸ್ತು.

ಅವರ ಕೆಮ್ಮು, ಮಧ್ಯದ ಮೌನ, ಇದ್ಯಾವ್ದನ್ನೂ ನಾನು ಕತ್ತರಿಸಿಲ್ಲ. ಒಂದು ಕಡೆ ಕತೆ ನಿಲ್ಲಿಸಿ, ಮೈಕಿಗೆ ತೀರಾ ಹತ್ರ ಬಂದು, "ಇದು ಓಡ್ತಾ ಇದ್ಯೇನೇ?" ಅಂತಾರೆ. ದೂರದಿಂದ ಒಂದು ಹುಡುಗಿ "ಹೂಂ" ಅಂತಾಳೆ. ಆ ಹುಡುಗಿ ನೀವೇ ಅಂತ ನನಗೆ ಅನ್ನಿಸುತ್ತೆ ಚಿಕ್ಕಮ್ಮ, ಆ ತುಣುಕು ಇದರ ಕೆಳಗೇ ಹಾಕ್ತೀನಿ, ಕೇಳಿ ಹೇಳಿ.

ನಿಮ್ಮ ಎರಡನೇ ಕ್ಯಾಸೆಟ್ ತಿರುಗಲ್ಲ ಅಂದ್ರಲ್ಲ, ಅದಕ್ಕೆ ಪ್ಲೇ ಒತ್ಲೇಬೇಡಿ. ಆರು ಮೂಲೆ ಪೆನ್ಸಿಲ್ ಚಕ್ರದೊಳಗೆ ಹಾಕಿ ನಿಧಾನಕ್ಕೆ ಸುತ್ತಿ ನೋಡಿ, ಒಂಚೂರು ಬಿಗಿ ಅನ್ನಿಸಿದ್ರೂ ಅಲ್ಲಿಗೇ ಬಿಟ್ಬಿಡಿ. ಬಿಸಿಲು ಬೀಳದ ಜಾಗದಲ್ಲಿ ಡಬ್ಬಿಯೊಳಗಿಡಿ. ಭಾನುವಾರ ನಾನೇ ಟೇಪ್ ರೆಕಾರ್ಡರ್, ಸೌಂಡ್ ಕಾರ್ಡ್ ಎರಡೂ ತಗೊಂಡು ಬರ್ತೀನಿ.