ಇಬ್ಬರಿಗೂ ಅದೇ ಕಾಲುವೆ, ಇಬ್ಬರಿಗೂ ಸಾಲ. ನಮ್ಮಣ್ಣನಿಗೆ ಮಾತ್ರ ನಿದ್ದೆ ಇಲ್ಲ, ಯಾಕೆ?

ಸಿಂಧನೂರಿನವ:
ನಮ್ಮಣ್ಣ, ಪಕ್ಕದ ಗದ್ದೆಯ ಮಾವ, ಇಬ್ಬರೂ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನೆಲ್ಲು ಹಾಕುವವರು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ವಾ, ಆವಾಗ ಅಣ್ಣನ ತಲೆಗೆ ಹೊಕ್ಕ ನೀರಿನ ಚಿಂತೆ ಇನ್ನೂ ಇಳಿದಿಲ್ಲ. ರಾತ್ರಿ ಎರಡಕ್ಕೆ ಎದ್ದು ಅಂಗಳದಲ್ಲಿ ಕೂರುತ್ತಾನೆ, ಊಟ ಕಮ್ಮಿ, ಮಕ್ಕಳ ಮೇಲೆ ಸುಮ್ನೆ ರೇಗುತ್ತಾನೆ. ಆ ಮಾವನಿಗೆ ಸಾಲ ಇನ್ನೂ ಜಾಸ್ತಿ, ಆದರೂ ಉಂಡು ಮಲಗುತ್ತಾರೆ. "ಧೈರ್ಯ ತಗೋ" ಅಂತ ಊರೆಲ್ಲ ಹೇಳಿ ಆಯಿತು. ಇದು ಹುಟ್ಟುಗುಣವಾ?

ಕೊಪ್ಪಳದ ನರ್ಸಕ್ಕ:
ತಮ್ಮಾ, ಹುಟ್ಟುಗುಣ ಸ್ವಲ್ಪ ಇರುತ್ತದೆ, ಎಲ್ಲಾ ಅದೇ ಅಲ್ಲ. ಒಂದು ಕೇಳ್ತೀನಿ. ಮಾವನ ಸಾಲ ಎಷ್ಟು ಅಂತ ಅವರ ಮನೆಯಲ್ಲಿ ಎಷ್ಟು ಜನಕ್ಕೆ ಗೊತ್ತು? ನಿಮ್ಮಣ್ಣನದು? 1997ರಲ್ಲಿ ಶೆಲ್ಡನ್ ಕೋಹೆನ್ ಅನ್ನೋರು ಅಮೆರಿಕದಲ್ಲಿ ಒಂದು ಪರೀಕ್ಷೆ ಮಾಡಿದರು. 276 ಆರೋಗ್ಯವಂತರ ಮೂಗಿಗೆ ನೆಗಡಿ ವೈರಸ್ಸಿನ ಹನಿ ಹಾಕಿದರು. ಮನೆಯವರು, ನೆಂಟರು, ಗೆಳೆಯರು, ಜೊತೆ ಕೆಲಸದವರು, ಸಂಘದವರು ಹೀಗೆ ಬೇರೆ ಬೇರೆ ಥರದ ಒಡನಾಟ ಇದ್ದವರು ನೆಗಡಿಗೆ ಬಿದ್ದಿದ್ದು ಕಮ್ಮಿ. ವೈರಸ್ ಎಲ್ಲರಿಗೂ ಅದೇ, ನೋಡಿ. ಅಣ್ಣ ಕಟ್ಟೆಗೆ ಹೋಗೋದು, ಭಜನೆಗೆ ಹೋಗೋದು ಬಿಟ್ಟಿದ್ದಾರಾ? ಬಿಟ್ಟಿದ್ದರೆ ಮೊದಲು ಅದನ್ನು ಶುರು ಮಾಡಿಸಿ. ಬುದ್ಧಿ ಹೇಳೋದು ಬೇಡ, ಜೊತೆಗೆ ಹೋಗಿ ಕೂರಿ.

ಮಾನ್ವಿ ರೈತ:
ಅಕ್ಕಾರೆ, ನಿಮ್ಮ ಮಾತು ಖರೆ, ಆದರೆ ಬರೀ ಮಾತಿಂದ ಬಡ್ಡಿ ನಿಲ್ಲಲ್ಲ. ನಾನೂ ಇದರಲ್ಲಿ ಬಿದ್ದು ಎದ್ದವನು. ನೀರು ಬಿಡೋದು ನಮ್ಮ ಕೈಲಿಲ್ಲ, ನೆಲ್ಲಿನ ರೇಟು ಕೈಲಿಲ್ಲ, ಏನೂ ಕೈಲಿಲ್ಲ ಅನ್ನಿಸಿದಾಗಲೇ ಮನುಷ್ಯ ಕುಸಿಯೋದು. ಒಂದು ರಾತ್ರಿ ಹೆಂಡತಿ ಮಗನ ನೋಟ್‌ಬುಕ್ ತಂದು ಮುಂದಿಟ್ಟಳು. ಬ್ಯಾಂಕಿಂದು, ಸೊಸೈಟಿದು, ಅಂಗಡಿ ಗೊಬ್ಬರದ ಉದ್ರಿ, ಕೈಸಾಲ, ಎಲ್ಲಾ ಬರೆದೆವು. ನಾನು ತಲೆಯಲ್ಲಿ ಹೊತ್ತಿದ್ದಕ್ಕಿಂತ ಹಾಳೆ ಮೇಲೆ ಕಮ್ಮಿ ಇತ್ತು! ಬಡ್ಡಿ ಜಾಸ್ತಿ ಇರೋ ಕೈಸಾಲ ಮೊದಲು ತೀರಿಸೋದು ಅಂತ ಮಾಡಿದೆವು. ಎರಡು ಎಕರೆ ನೆಲ್ಲು ಬಿಟ್ಟು ಜೋಳ, ಕಡಲೆಗೆ ಹೋದೆ, ಅದಕ್ಕೆ ಕಾಲುವೆ ಕಾಯೋದು ಬೇಕಿಲ್ಲ. ಸಾಲ ಇವತ್ತೂ ಇದೆ. ನಿದ್ದೆ ಮಾತ್ರ ಆ ವಾರವೇ ಬಂತು.

ರಾಯಚೂರು ಹುಡುಗಿ:
ಅಣ್ಣ ನಿದ್ದೆಗೆ ಅಂತ ಕುಡಿಯೋಕೆ ಶುರು ಮಾಡಿದ್ದರೆ ತಡೆಯಿರಿ, ಆ ನಿದ್ದೆ ನಡುರಾತ್ರಿಗೇ ಒಡೆಯುತ್ತದೆ. ಹೊಲಕ್ಕೆ ಹೊಡೆಯುವ ಕೀಟನಾಶಕದ ಡಬ್ಬಿ ಮನೆಯಲ್ಲಿದ್ದರೆ ಇವತ್ತೇ ಬೇರೆ ಕಡೆ ಇಟ್ಟು ಬೀಗ ಹಾಕಿ. ಹೆದರಿಸೋಕೆ ಹೇಳ್ತಿಲ್ಲ, ನಮ್ಮ ಕಾಕಾನ ವಿಷಯದಲ್ಲಿ ನಾವು ಇದನ್ನು ಮಾಡಲಿಲ್ಲ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಬಹುದು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಎರಡಕ್ಕೂ ಎತ್ತುತ್ತಾರೆ.

ಸಿಂಧನೂರಿನವ:
ಡಬ್ಬಿ ತೆಗೆದಿಟ್ಟೆ. ನರ್ಸಕ್ಕ ಕೇಳಿದ್ದನ್ನು ವಿಚಾರಿಸಿದೆ. ಅಣ್ಣನ ಸಾಲ ಎಷ್ಟು ಅಂತ ಅತ್ತಿಗೆಗೂ ಗೊತ್ತಿಲ್ಲ. ಮಾವನ ಲೆಕ್ಕ ಅವರ ಸೊಸೆಯೇ ಬರೆದಿಡುತ್ತಾಳಂತೆ. ನೋಟ್‌ಬುಕ್ ತಂದಿದ್ದೀನಿ, ಭಾನುವಾರ ಮಾವನನ್ನೂ ಊಟಕ್ಕೆ ಕರೆದಿದ್ದೀನಿ.