ಹಳೇ ಪಿಕಪ್‌ನ ತೇಪೆ ಕೆಲಸಗಳು: ಎಲ್ಲಿಂದ ಬಿಚ್ಚಬೇಕು?

ಸದಸ್ಯರೊಬ್ಬರ ಪ್ರಶ್ನೆ: ಸರ್, ಹಳೇ ಪೆಟ್ರೋಲ್ ಪಿಕಪ್ ಒಂದನ್ನು ತಗೊಂಡಿದ್ದೇನೆ. ಕಾರ್ಬುರೇಟರ್ ಇರುವ ಗಾಡಿ. ಹೆಡ್‌ಲೈಟ್ ಮಂಕಾಗಿ ಉರಿಯುತ್ತೆ ಅಂತ ಡ್ಯಾಶ್‌ಬೋರ್ಡ್ ಕೆಳಗೆ ಬಗ್ಗಿ ನೋಡಿದೆ. ಮುಷ್ಟಿ ಗಾತ್ರದ ಟೇಪಿನ ಉಂಡೆ ನೇತಾಡುತ್ತಿತ್ತು. ಬಿಚ್ಚಿದರೆ ಒಳಗೆ ನಾಲ್ಕು ಬಣ್ಣದ ವೈರುಗಳನ್ನು ಸುಮ್ನೆ ಕೈಯಲ್ಲಿ ಹೊಸೆದು ಬಿಟ್ಟಿದ್ದಾರೆ. ಹೆಡ್‌ಲೈಟ್ ಫ್ಯೂಸ್ ಜಾಗದಲ್ಲಿ 30 ಆಂಪ್ ಹಸಿರು ಫ್ಯೂಸ್ ಇದೆ. ಹಿಂದಿನ ಲೈಟಿನ ಫ್ಯೂಸ್ ಸುಟ್ಟಿದೆ, ಅದಕ್ಕೆ ಬೆಳ್ಳಿ ಕಾಗದ ಸುತ್ತಿ ಕೂರಿಸಿದ್ದಾರೆ. ಕಾಲಡಿಯ ಮ್ಯಾಟ್ ಎತ್ತಿದರೆ ಫ್ಲೋರಿಗೆ ತಗಡು ರಿವೆಟ್ ಹೊಡೆದಿದ್ದಾರೆ. ಇನ್ನೇನೇನು ಇದೆಯೋ ಗೊತ್ತಿಲ್ಲ. ಎಲ್ಲ ವೈರಿಂಗ್ ಕಿತ್ತು ಹೊಸದು ಹಾಕಿಸಲಾ? ಎಲ್ಲಿಂದ ಶುರು ಮಾಡಲಿ?

ಮೆಕ್ಯಾನಿಕ್: ಕೀಳಬೇಡಿ. ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ ಪಕ್ಕಕ್ಕಿಡಿ. ಆ ಬೆಳ್ಳಿ ಕಾಗದದ ಫ್ಯೂಸನ್ನು ಈಗಲೇ ತೆಗೆದು ಬಿಸಾಡಿ. ಅದನ್ನು ನಾಳೆಗೆ ಬಿಡಬೇಡಿ.

ಇಂಥ ಗಾಡಿ ಕೈಗೆ ಬಂದಾಗ ನಾನು ಕೇಳಿಕೊಳ್ಳುವುದು ಒಂದೇ: ಹಿಂದಿನವರು ಈ ತೇಪೆ ಯಾಕೆ ಹಚ್ಚಿದರು? ಅವರು ಮುಚ್ಚಿಟ್ಟ ಮೂಲ ತೊಂದರೆ ಇನ್ನೂ ಅಲ್ಲೇ ಇರುತ್ತದೆ. ತೇಪೆ ಕಿತ್ತು ಅಂದವಾಗಿ ಇನ್ನೊಂದು ಹಾಕಿದರೆ ಅದು ಮತ್ತೆ ತಲೆ ಎತ್ತುತ್ತದೆ. ಆದ್ದರಿಂದ ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಯಾವ ವೈರ್ ಯಾವುದಕ್ಕೆ ಸೇರಿತ್ತು ಅನ್ನುವುದೇ ಒಂದು ಸುಳಿವು.

ಕೆಲಸದ ಸಾಲು ಹೀಗಿರಲಿ. ಮೊದಲು ಬ್ರೇಕ್, ಆಮೇಲೆ ಸ್ಟೀರಿಂಗ್, ಪೆಟ್ರೋಲ್ ಪೈಪುಗಳು, ಸೈಲೆನ್ಸರ್ ಮತ್ತು ಫ್ಲೋರ್, ಚಾಸಿ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟು). ವೈರಿಂಗ್‌ನಲ್ಲಿ ಬೆಂಕಿ ಹತ್ತಿಸುವಂಥದ್ದನ್ನು ಮಾತ್ರ ಈಗ ನೋಡಿ. ಹಾರ್ನ್, ರೇಡಿಯೋ, ವೈಪರಿನ ಎರಡನೇ ಸ್ಪೀಡು ಎಲ್ಲ ಕಾಯಲಿ.

ಈಗ ಫ್ಯೂಸ್ ವಿಷಯ. ಫ್ಯೂಸ್ ಕಾಯುವುದು ವೈರನ್ನು, ಬಲ್ಬನ್ನಲ್ಲ. 60 ವ್ಯಾಟ್ ಬಲ್ಬ್ 12 ವೋಲ್ಟ್‌ನಲ್ಲಿ 5 ಆಂಪ್ ಎಳೆಯುತ್ತದೆ. ಎರಡು ಸೇರಿದರೆ 10. ಆ ಲೆಕ್ಕಕ್ಕೆ ತಕ್ಕ ದಪ್ಪದ ವೈರನ್ನು ಕಂಪನಿಯವರು ಹಾಕಿರುತ್ತಾರೆ. ಅಲ್ಲಿ 30 ಆಂಪ್ ಫ್ಯೂಸ್ ಕೂರಿಸಿದರೆ ಶಾರ್ಟ್ ಆದಾಗ ಮೊದಲು ಸುಡುವುದು ವೈರು. ಗಾಡಿಯ ಪುಸ್ತಕದಲ್ಲಿ ಅಥವಾ ಫ್ಯೂಸ್ ಬಾಕ್ಸ್ ಮುಚ್ಚಳದ ಮೇಲೆ ಬರೆದ ಆಂಪಿನದನ್ನೇ ಹಾಕಿ. 10 ಕೆಂಪು, 15 ನೀಲಿ, 20 ಹಳದಿ. ಸರಿಯಾದದ್ದು ಹಾಕಿದ ಕೂಡಲೇ ಸುಟ್ಟರೆ ಬೇಜಾರಾಗಬೇಡಿ. ಹಿಂದಿನವರು ಯಾವ ತೊಂದರೆಯಿಂದ ತಪ್ಪಿಸಿಕೊಳ್ಳುತ್ತಿದ್ದರು ಅಂತ ಆಗಲೇ ಗೊತ್ತಾಗುವುದು.

ಮಂಕು ಬೆಳಕಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ಲೈಟ್ ಉರಿಯುತ್ತಿರುವಾಗಲೇ ಬ್ಯಾಟರಿ ಪಾಸಿಟಿವ್‌ನಿಂದ ಬಲ್ಬಿನ ಪಾಸಿಟಿವ್ ಪಿನ್ನಿಗೆ ಅಳೆಯಿರಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ಕಳೆದುಹೋಗುತ್ತಿದೆ. ಹಾಗೆಯೇ ಬ್ಯಾಟರಿ ನೆಗೆಟಿವ್‌ನಿಂದ ಬಲ್ಬಿನ ಅರ್ತ್ ಪಿನ್ನಿಗೆ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ಪಿನ್ನು). ಅಲ್ಲಿ 0.2 ವೋಲ್ಟ್ ದಾಟಬಾರದು. ಬಲ್ಬಿಗೆ ಹೋಗುವ ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಬಿದ್ದುಹೋಗುತ್ತದೆ. ಹಳೇ ಗಾಡಿಗಳಲ್ಲಿ ಅರ್ತ್ ವೈರನ್ನು ಪೇಂಟ್ ಮೇಲೆಯೇ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅಲ್ಲಿ ಹೊಳೆಯುವ ಲೋಹ ಕಾಣುವಷ್ಟು ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿ. ಎಷ್ಟೋ ಸಲ ಇಷ್ಟಕ್ಕೇ ಮಂಕು ಹೋಗುತ್ತದೆ.

ಅದೇ ಸದಸ್ಯರು: ಹಿಂದಿನ ಲೈಟಿಗೆ ಸರಿಯಾದ ಫ್ಯೂಸ್ ಹಾಕಿದೆ ಸರ್. ಸ್ವಿಚ್ ಒತ್ತಿದ ಕೂಡಲೇ ಹೋಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು.

ಮೆಕ್ಯಾನಿಕ್: ಫ್ಯೂಸ್ ಸುಡುವುದು ಸಾಕು. ಒಂದು ಹಳೇ ಹೆಡ್‌ಲೈಟ್ ಬಲ್ಬಿಗೆ ಎರಡು ವೈರ್ ಹಾಕಿ, ಆ ಎರಡು ತುದಿಗಳನ್ನು ಫ್ಯೂಸ್ ಕೂರುವ ಜಾಗಕ್ಕೆ ಸಿಕ್ಕಿಸಿ. ಹಿಂದಿನ ಲೈಟಿನ ಬಲ್ಬುಗಳನ್ನೆಲ್ಲ ಬಿಚ್ಚಿಡಿ. ಈಗ ಸ್ವಿಚ್ ಹಾಕಿ. ನಿಮ್ಮ ಬಲ್ಬ್ ಪೂರ್ತಿ ಪ್ರಕಾಶವಾಗಿ ಉರಿದರೆ ಶಾರ್ಟ್ ಇದೆ ಅಂತ ಅರ್ಥ. ಬಲ್ಬ್ ಇರುವುದರಿಂದ ಸುಮಾರು 5 ಆಂಪ್‌ಗಿಂತ ಜಾಸ್ತಿ ಹರಿಯುವುದಿಲ್ಲ, ಆರಾಮಾಗಿ ಹುಡುಕಬಹುದು. ವೈರಿನ ಕಟ್ಟನ್ನು ಡ್ಯಾಶ್‌ಬೋರ್ಡ್‌ನಿಂದ ಹಿಂದಕ್ಕೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತಾ ಹೋಗಿ. ಯಾವ ಜಾಗದಲ್ಲಿ ಕೈ ಇಟ್ಟಾಗ ಬಲ್ಬ್ ಮಿಣುಕುತ್ತದೋ ಅಥವಾ ಆರುತ್ತದೋ, ತೊಂದರೆ ಅಲ್ಲಿದೆ. ಡ್ಯಾಶ್‌ಬೋರ್ಡ್ ದೀಪಗಳೂ ಅದೇ ಫ್ಯೂಸಿನಲ್ಲಿದ್ದರೆ ನಿಮ್ಮ ಬಲ್ಬ್ ನಸುಗೆಂಪಾಗಿ ಉಳಿಯಬಹುದು, ಅದು ಪರವಾಗಿಲ್ಲ.

ಮೂರು ಕಡೆ ಮೊದಲು ನೋಡಿ: ವೈರು ಕ್ಯಾಬಿನ್ನಿನಿಂದ ಹೊರಬರುವ ತೂತು, ಹಿಂದಿನ ಲೋಡ್ ಬಾಡಿಯನ್ನು ಚಾಸಿಗೆ ಬೋಲ್ಟ್ ಹಾಕಿದ ಜಾಗಗಳು, ಟ್ರೈಲರ್ ಸಾಕೆಟ್ ಇದ್ದರೆ ಅದರ ಬೆನ್ನು.

ಅದೇ ಸದಸ್ಯರು: ಸಿಕ್ಕಿತು! ಲೋಡ್ ಬಾಡಿಗೂ ಚಾಸಿಗೂ ನಡುವೆ ವೈರ್ ಜಜ್ಜಿ ಹೋಗಿ ತಾಮ್ರ ಕಾಣುತ್ತಿದೆ. ಆದರೆ ಅಲ್ಲೇ ಕೆಳಗೆ ಮಲಗಿದ್ದಾಗ ಇನ್ನೊಂದು ಕಂಡಿತು. ಹಿಂದಿನ ಎಡ ಚಕ್ರಕ್ಕೆ ಹೋಗುವ ಬ್ರೇಕ್ ಪೈಪನ್ನು ಮಡಿಸಿ ಚಪ್ಪಟೆಯಾಗಿ ಬಡಿದಿದ್ದಾರೆ. ಬ್ರೇಕ್ ಪೆಡಲ್ ಗಟ್ಟಿಯಾಗಿಯೇ ಇದೆ. ಇದು ಬೇಕಂತಲೇ ಮಾಡಿದ್ದಾ?

ಮೆಕ್ಯಾನಿಕ್: ಬೇಕಂತಲೇ. ಗಾಡಿ ಅಲ್ಲೇ ನಿಲ್ಲಲಿ, ಪಕ್ಕದ ರಸ್ತೆಗೂ ತೆಗೆಯಬೇಡಿ. ಪೆಡಲ್ ಗಟ್ಟಿ ಇರುವುದಕ್ಕೆ ಆ ಮಡಿಕೆಯೇ ಕಾರಣ. ಆ ಚಕ್ರದ ವೀಲ್ ಸಿಲಿಂಡರ್, ಅಂದರೆ ಆಯಿಲ್ ಒತ್ತಡದಿಂದ ಬ್ರೇಕ್ ಲೈನರನ್ನು ಡ್ರಮ್ಮಿಗೆ ಒತ್ತುವ ಭಾಗ, ಸೋರಿರಬೇಕು. ಅದನ್ನು ಬದಲಾಯಿಸುವ ಬದಲು ದಾರಿಯನ್ನೇ ಮುಚ್ಚಿದ್ದಾರೆ. ಈಗ ಎಡ ಹಿಂಚಕ್ರಕ್ಕೆ ಬ್ರೇಕ್ ಇಲ್ಲ. ಒದ್ದೆ ರಸ್ತೆಯಲ್ಲಿ ಜೋರಾಗಿ ತುಳಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಆ ಮಡಿಕೆಯೇ. ಬಡಿದ ಉಕ್ಕು ಅಲ್ಲೇ ಸೀಳುತ್ತದೆ. ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಒತ್ತುವುದು ಮಾಸ್ಟರ್ ಸಿಲಿಂಡರ್. ಹಳೇ ಗಾಡಿಯಲ್ಲಿ ಅದು ಒಂದೇ ಸರ್ಕ್ಯೂಟಿನದಾಗಿದ್ದರೆ, ಅಂದರೆ ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ದಾರಿ ಇದ್ದರೆ, ಪೈಪ್ ಸೀಳಿದ ಕ್ಷಣ ನಾಲ್ಕೂ ಚಕ್ರದ ಬ್ರೇಕ್ ಹೋಯಿತು.

ಜೋರಾಗಿ ತುಳಿದಾಗ ಬ್ರೇಕ್ ಪೈಪಿನೊಳಗೆ 70 ಬಾರ್‌ಗೂ ಜಾಸ್ತಿ ಒತ್ತಡ ಬರುತ್ತದೆ. ಆದ್ದರಿಂದ ಪೈಪ್ ತುಂಡರಿಸಿ ನಡುವೆ ಕಂಪ್ರೆಷನ್ ಜಾಯಿಂಟ್ ಹಾಕುವ ಆಲೋಚನೆ ಬೇಡ. ಬರಿ ತಾಮ್ರದ ಪೈಪೂ ಬೇಡ. ಬ್ರೇಕಿಗೆಂದೇ ಬರುವ ಉಕ್ಕಿನ ಅಥವಾ ತಾಮ್ರ-ನಿಕ್ಕಲ್ ಪೈಪನ್ನು ಒಂದು ಜಾಯಿಂಟಿನಿಂದ ಇನ್ನೊಂದರವರೆಗೆ ಪೂರ್ತಿ ಹಾಕಿ. ತುದಿಗೆ ಡಬಲ್ ಫ್ಲೇರ್ (ಪೈಪಿನ ಬಾಯಿಯನ್ನು ಅಗಲಿಸಿ ಎರಡು ಪದರವಾಗಿ ಮಡಿಸಿದ್ದು) ಇರಬೇಕು, ಅಥವಾ ನಿಮ್ಮ ಗಾಡಿಯ ಜಾಯಿಂಟ್ ಯಾವ ಫ್ಲೇರ್ ಕೇಳುತ್ತದೋ ಅದು. ಥ್ರೆಡ್ಡಿಗೆ ಬಿಳಿ ಟೇಪ್ ಸುತ್ತಿದ್ದು ಕಂಡರೆ ಅದೂ ತೇಪೆಯೇ. ಇಲ್ಲಿ ಸೋರದಂತೆ ತಡೆಯುವುದು ಫ್ಲೇರಿನ ಇಳಿಜಾರು, ಥ್ರೆಡ್ ಅಲ್ಲ. ಟೇಪ್ ಹಾಕಿದ್ದಾರೆ ಅಂದರೆ ಫ್ಲೇರ್ ಕೆಟ್ಟಿದೆ.

ವೀಲ್ ಸಿಲಿಂಡರನ್ನು ಎರಡೂ ಕಡೆ ಬದಲಾಯಿಸಿ. ಎಡಗಡೆಯ ಲೈನರ್ ಆಯಿಲ್ ಕುಡಿದಿರುತ್ತದೆ, ತೊಳೆದು ಹಾಕಲು ಹೋಗಬೇಡಿ. ಲೈನರನ್ನೂ ಎರಡು ಕಡೆ ಹೊಸದೇ ಹಾಕಿ. ಡ್ರಮ್ ಬಿಚ್ಚಿದಾಗ ಸ್ಪ್ರಿಂಗ್‌ಗಳೆಲ್ಲ ಸ್ಪ್ರಿಂಗ್‌ಗಳೇನಾ, ಬೈಂಡಿಂಗ್ ವೈರ್ ಕಟ್ಟಿದ್ದಾರಾ ಅಂತ ನೋಡಿ.

ಇನ್ನೊಂದು ಕಡೆ ಕಣ್ಣು ಹಾಯಿಸಿ. ಮಾಸ್ಟರ್ ಸಿಲಿಂಡರ್ ಮುಚ್ಚಳದ ಒಳಗಿನ ರಬ್ಬರ್ ಉಬ್ಬಿ ಸುಕ್ಕಾಗಿದ್ದರೆ ಯಾರೋ ಬ್ರೇಕ್ ಆಯಿಲ್ ಬದಲು ಇಂಜಿನ್ ಆಯಿಲನ್ನೋ ಸ್ಟೀರಿಂಗ್ ಆಯಿಲನ್ನೋ ಸುರಿದಿದ್ದಾರೆ. ಹಾಗಿದ್ದರೆ ಬರಿ ಆಯಿಲ್ ಬದಲಾಯಿಸಿದರೆ ಸಾಲದು. ಆ ಬ್ರೇಕಿನಲ್ಲಿರುವ ಪ್ರತಿಯೊಂದು ರಬ್ಬರೂ, ಹೋಸುಗಳೂ ಸೇರಿ, ಹೊಸದಾಗಬೇಕು.

ಕೆಳಗೆ ಮಲಗುವಾಗ ಗಾಡಿ ಸ್ಟ್ಯಾಂಡ್ ಮೇಲಿತ್ತು ತಾನೇ? ಬರಿ ಜ್ಯಾಕ್ ನಂಬಿ ಯಾರೂ ಕೆಳಗೆ ಹೋಗಬೇಡಿ.

ಇನ್ನೊಬ್ಬ ಸದಸ್ಯರು: ಅಣ್ಣಾ, ನಾನೊಂದು ಪಿಕಪ್ ನೋಡಿಕೊಂಡು ಬಂದೆ. ಚಾಸಿ ಫಳಫಳ ಕಪ್ಪಗೆ ಹೊಳೆಯುತ್ತಿದೆ. ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅನ್ನಿಸಿತು. ತಗೊಳ್ಳಬಹುದಾ?

ಮೆಕ್ಯಾನಿಕ್: ಗಾಡಿ ಹಳೇದು, ಚಾಸಿಯ ಬಣ್ಣ ಮಾತ್ರ ಹೊಸದು ಅಂದರೆ ನಾನು ಮೊದಲು ಅನುಮಾನ ಪಡುತ್ತೇನೆ. ಸಣ್ಣ ಸುತ್ತಿಗೆ ತಗೊಂಡು ಹೋಗಿ, ಮಾರುವವರನ್ನು ಕೇಳಿ, ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಉಕ್ಕು ಟಣ್ ಅನ್ನುತ್ತದೆ. ತುಕ್ಕು ತಿಂದ ಜಾಗ ಡಬ್ ಅನ್ನುತ್ತದೆ. ಕೇಳಿದರೆ ಯಾರಿಗಾದರೂ ವ್ಯತ್ಯಾಸ ಗೊತ್ತಾಗುತ್ತದೆ. ಡಬ್ ಅಂದ ಕಡೆ ಸ್ಕ್ರೂ ಡ್ರೈವರ್ ಒತ್ತಿ ನೋಡಿ. ಹಿಂದಿನ ಆಕ್ಸಲ್ ಮೇಲಿನ ಬಾಗು, ಪಟ್ಟಾ (ಲೀಫ್ ಸ್ಪ್ರಿಂಗ್) ಚಾಸಿಗೆ ಸೇರುವ ಬ್ರಾಕೆಟ್ಟುಗಳು, ಅಡ್ಡ ಮೆಂಬರ್ ರಿವೆಟ್ ಆದ ಮೂಲೆಗಳು, ಇಲ್ಲೆಲ್ಲ ಕೆಸರು ನಿಂತು ಒಳಗಿಂದ ತಿನ್ನುತ್ತದೆ. ನೀರು ಇಳಿಯುವ ತೂತುಗಳನ್ನು ಕಪ್ಪು ಕೋಟಿಂಗ್ ಮುಚ್ಚಿದ್ದರೆ ಇನ್ನೂ ಬೇಗ ತಿನ್ನುತ್ತದೆ.

ವೆಲ್ಡ್ ಮಾಡಿದ ಪ್ಲೇಟ್ ಕಂಡರೆ ಅದರ ಅಂಚು ನೋಡಿ. ಚಾಸಿಗೆ ಅಡ್ಡವಾಗಿ, ಮೇಲಿಂದ ಕೆಳಗೆ ನೇರ ಗೆರೆ ಎಳೆದಂತೆ ವೆಲ್ಡ್ ಇದ್ದರೆ ಲೋಡ್ ಬಿದ್ದಾಗ ಆ ಗೆರೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಕೆಲಸ ಗೊತ್ತಿದ್ದವರು ಪ್ಲೇಟಿನ ತುದಿಯನ್ನು ಓರೆಯಾಗಿ ಕತ್ತರಿಸಿ ಹಾಕುತ್ತಾರೆ, ಒತ್ತಡ ಒಂದೇ ಕಡೆ ಬೀಳದಿರಲಿ ಅಂತ. ಪ್ಲೇಟಿನ ಸುತ್ತ ತುಕ್ಕು ಉಬ್ಬಿದ್ದರೆ ಅದನ್ನು ತುಕ್ಕಿನ ಮೇಲೆಯೇ ಕೂರಿಸಿದ್ದಾರೆ. ಅಂಥ ಗಾಡಿ ಬಿಟ್ಟುಬಿಡಿ. ಬಾಗಿಲು ಹಾಳಾದರೆ ಬೇರೆ ಬಾಗಿಲು ಸಿಗುತ್ತದೆ, ಕೊಳೆತ ಚಾಸಿಯ ಮೇಲೆ ಏನು ಮಾಡಿದರೂ ವ್ಯರ್ಥ.

ಗಾಡಿಯ ಬಾಡಿ ನೋಡಲು ಒಂದು ಮ್ಯಾಗ್ನೆಟ್ ಸಾಕು. ತೆಳು ಬಟ್ಟೆಯಲ್ಲಿ ಸುತ್ತಿ ಸವರುತ್ತಾ ಹೋಗಿ, ಹಿಡಿಯದೆ ಜಾರುವ ಕಡೆ ಪುಟ್ಟಿ ದಪ್ಪಗಿದೆ.

ಮೊದಲ ಸದಸ್ಯರು: ಸರ್, ಫ್ಲೋರಿನ ತಗಡನ್ನು ಹಾಗೇ ಬಿಡಬಹುದಾ? ಕಾಲಿಗೆ ಗಟ್ಟಿಯಾಗಿದೆ.

ಮೆಕ್ಯಾನಿಕ್: ತಗಡಿನ ಕೆಳಗೆ ಸೈಲೆನ್ಸರ್ ಪೈಪ್ ಹೋಗುತ್ತದಲ್ವಾ, ಮೊದಲು ಅದನ್ನು ನೋಡಿ. ಪೈಪ್ ಎಲ್ಲಾದರೂ ಒಡೆದಿದ್ದರೆ ಹೊಗೆ ಆ ಸಂದಿಯಿಂದ ಕ್ಯಾಬಿನ್ನಿಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಜು ಏರಿಸಿಕೊಂಡು ಓಡಿಸುವಾಗ ತಲೆನೋವು, ಮಂಪರು ಬಂದರೆ ಕೂಡಲೇ ನಿಲ್ಲಿಸಿ ಕೆಳಗಿಳಿಯಿರಿ. ಇಂಜಿನ್ ತಣ್ಣಗಿದ್ದಾಗ ಬಯಲಲ್ಲಿ ಸ್ಟಾರ್ಟ್ ಮಾಡಿ, ಇನ್ನೊಬ್ಬರು ದಪ್ಪ ಬಟ್ಟೆಯಿಂದ ಪೈಪಿನ ಬಾಯಿಯನ್ನು ಸ್ವಲ್ಪ ಹೊತ್ತು ಅದುಮಲಿ. ಸೋರುವ ಕಡೆ ಬುಸ್ ಅಂತ ಕೇಳುತ್ತದೆ. ಪೈಪ್ ಸರಿಯಾದ ಮೇಲೆ ತಗಡು ತೆಗೆದು, ತುಕ್ಕು ಕತ್ತರಿಸಿ, ಹೊಸ ತುಂಡು ವೆಲ್ಡ್ ಮಾಡಿಸಿ. ವೆಲ್ಡ್ ಮಾಡುವಾಗ ಪೆಟ್ರೋಲ್ ಟ್ಯಾಂಕೂ ಪೈಪುಗಳೂ ಎಲ್ಲಿವೆ ಅಂತ ವೆಲ್ಡರಿಗೆ ತೋರಿಸಿ, ಬ್ಯಾಟರಿ ಬಿಚ್ಚಿಡಿ.

ಸೀಟು ಮತ್ತು ಸೀಟ್ ಬೆಲ್ಟಿನ ಬೋಲ್ಟುಗಳು ಅದೇ ಫ್ಲೋರಿಗೆ ಸೇರಿವೆಯಾ ಅಂತಲೂ ನೋಡಿ. ಬೋಲ್ಟಿನ ತಲೆಯ ಮೇಲೆ ಅದರ ಬಲದ ಗುರುತಾಗಿ 8.8 ಅಥವಾ 10.9 ಅಂತ ಇರುತ್ತದೆ. ಏನೂ ಗುರುತಿಲ್ಲದ ಬೋಲ್ಟ್ ಬೆಲ್ಟಿಗೂ ಬೇಡ, ಸ್ಟೀರಿಂಗಿಗೂ ಬೇಡ. ಸ್ಟೀರಿಂಗ್ ಅಂದ ಮೇಲೆ, ಚಕ್ರ ತಿರುಗಿಸುವ ಟೈ ರಾಡಿನ ತುದಿಯ ನಟ್ಟಿನಲ್ಲಿ ಸ್ಪ್ಲಿಟ್ ಪಿನ್ ಬದಲು ಮೊಳೆ ಬಗ್ಗಿಸಿ ಹಾಕಿರುವುದುಂಟು. ಒಂದೇ ನಿಮಿಷದ ಕೆಲಸ, ಅದನ್ನು ಬದಲಾಯಿಸಿಯೇ ಗಾಡಿ ಇಳಿಸಿ.

ಮತ್ತೊಬ್ಬ ಸದಸ್ಯರು: ನನ್ನ ಗಾಡಿಯಲ್ಲಿ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ತೆಗೆದುಬಿಟ್ಟಿದ್ದಾರೆ. ಬಿಸಿ ಏರಲ್ಲ, ಒಳ್ಳೇದೇ ಅಲ್ವಾ ಅಣ್ಣಾ?

ಮೆಕ್ಯಾನಿಕ್: ಅಲ್ಲ. ಇಂಜಿನ್ ಅದರ ಬಿಸಿಗೆ ಬರಲೇಬೇಕು. ತಣ್ಣಗೆ ಓಡಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಹೊಸ ಥರ್ಮೋಸ್ಟಾಟ್ ಹಾಕಿ. ಆಮೇಲೆ ಬಿಸಿ ಏರಿದರೆ ಕಟ್ಟಿದ ರೇಡಿಯೇಟರೋ, ವಾಟರ್ ಪಂಪೋ, ಹೆಡ್ ಗ್ಯಾಸ್ಕೆಟ್ಟೋ ನೋಡಬೇಕು. ಅವರು ತೆಗೆದಿದ್ದು ಅದಕ್ಕೇ ಇರಬೇಕು.

ಮತ್ತೊಬ್ಬ ಸದಸ್ಯರು: ನನ್ನದು ಸಣ್ಣ ವಿಷಯ. ಸ್ಟಾರ್ಟ್ ಮಾಡಿದಾಗ ಆಯಿಲ್ ದೀಪವೂ ಬ್ಯಾಟರಿ ದೀಪವೂ ಒಟ್ಟಿಗೇ ಆರುತ್ತವೆ. ಒಂದು ಚೂರೂ ಹಿಂದೆ ಮುಂದೆ ಇಲ್ಲ. ಇದು ಸರಿನಾ?

ಮೆಕ್ಯಾನಿಕ್: ಇವತ್ತಿನ ಪ್ರಶ್ನೆಗಳಲ್ಲಿ ಇದನ್ನು ಸಣ್ಣದು ಅನ್ನಲಾರೆ. ಕಾಕತಾಳೀಯವೂ ಆಗಿರಬಹುದು. ಆದರೆ ಇಂಜಿನ್ ಆಯಿಲಿನ ಒತ್ತಡ ಸಾಲದೆ ಆಯಿಲ್ ದೀಪ ಆರದೇ ಇದ್ದಾಗ, ಅದರ ವೈರನ್ನು ಬ್ಯಾಟರಿ ದೀಪದ ವೈರಿಗೆ ಸೇರಿಸಿ ಗಾಡಿ ಮಾರುವವರಿದ್ದಾರೆ. ಕೀ ಹಾಕಿದಾಗ ಎರಡೂ ಹತ್ತುತ್ತವೆ, ಆಲ್ಟರ್ನೇಟರ್ ಚಾರ್ಜ್ ಶುರು ಮಾಡಿದಾಗ ಎರಡೂ ಆರುತ್ತವೆ. ಕೊಳ್ಳುವವರಿಗೆ ಎಲ್ಲ ಸರಿ ಕಾಣುತ್ತದೆ.

ಪರೀಕ್ಷೆ ಸುಲಭ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಇಂಜಿನ್ ಬ್ಲಾಕಿನಲ್ಲಿರುವ ಆಯಿಲ್ ಸ್ವಿಚ್ಚಿನಿಂದ ವೈರ್ ಎಳೆಯಿರಿ. ದೀಪ ಆರಬೇಕು. ಆ ವೈರಿನ ತುದಿಯನ್ನು ಬ್ಲಾಕಿಗೆ ಮುಟ್ಟಿಸಿ. ದೀಪ ಹತ್ತಬೇಕು. ಎಳೆದ ಮೇಲೂ ಉರಿಯುತ್ತಲೇ ಇದ್ದರೆ ದೀಪಕ್ಕೂ ಆ ಸ್ವಿಚ್ಚಿಗೂ ಸಂಬಂಧವೇ ಇಲ್ಲ.

ಹಾಗಾದರೆ ಆ ಸ್ವಿಚ್ಚನ್ನು ಬಿಚ್ಚಿ, ಅದೇ ತೂತಿಗೆ ಮುಳ್ಳಿನ ಪ್ರೆಶರ್ ಗೇಜ್ ಹಾಕಿ ನಿಜವಾದ ಒತ್ತಡ ನೋಡಬೇಕು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಅನ್ನುವುದು ಮೆಕ್ಯಾನಿಕ್‌ಗಳ ಅಂದಾಜು ಲೆಕ್ಕ. ಖಚಿತ ಅಂಕಿ ನಿಮ್ಮ ಇಂಜಿನ್ನಿನ ಪುಸ್ತಕದಲ್ಲಿರುತ್ತದೆ. ಸ್ಟಾರ್ಟ್ ಆಗಿ ಕೆಲವೇ ಸೆಕೆಂಡಿನಲ್ಲಿ ಮುಳ್ಳು ಏಳದಿದ್ದರೆ ಕೂಡಲೇ ಆಫ್ ಮಾಡಿ.

ಒತ್ತಡ ಕಡಿಮೆ ಬಂದರೆ ಬೇರಿಂಗ್ ಸವೆದಿದೆ ಅಂತ ಇಂಜಿನ್ ಬಿಚ್ಚಲು ಓಡಬೇಡಿ. ಮೊದಲು ಆಯಿಲ್ ಸಂಪ್ (ಇಂಜಿನ್ ಕೆಳಗೆ ಆಯಿಲ್ ನಿಲ್ಲುವ ತಟ್ಟೆ) ಇಳಿಸಿ. ಸಂಪಿನ ಅಂಚಿನಲ್ಲಿ ಸಿಲಿಕಾನ್ ಗಮ್ ಹೊರಗೆ ಉಬ್ಬಿ ಬಂದಿದ್ದರೆ ಒಳಗೂ ಅಷ್ಟೇ ಉಬ್ಬಿರುತ್ತದೆ. ಆ ತುಣುಕುಗಳು ಕಳಚಿ ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚುತ್ತವೆ. ಜಾಲರಿ ತೊಳೆದು, ಎರಡೂ ಅಂಚುಗಳನ್ನು ಪೂರ್ತಿ ಕೆರೆದು, ಹೊಸ ಗ್ಯಾಸ್ಕೆಟ್ ಹಾಕಿ. ಮೂಲೆಗಳಿಗೆ ಮಾತ್ರ, ಪುಸ್ತಕದಲ್ಲಿ ಹೇಳಿದ್ದರೆ, ತೆಳುವಾಗಿ ಗಮ್ ಹಚ್ಚಿ. ಮತ್ತೆ ಸ್ಟಾರ್ಟ್ ಮಾಡುವಾಗ ಗೇಜ್ ಅಲ್ಲೇ ಇರಲಿ. ಏನು ತೋರಿಸಿತು ಅಂತ ಇಲ್ಲೇ ಬರೆಯಿರಿ, ಮುಂದೆ ಏನು ಮಾಡಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.