ತಲೆಗೆ ಪೆಟ್ಟಾದ ಮೇಲೆ ಮರೆವು: ನೆನಪಿಸಿಕೊಳ್ಳಲು ಬಿಡಬೇಕಾ, ನಾವೇ ಹೇಳಿಬಿಡಬೇಕಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನಿಗೆ ಬೈಕ್ ಅಪಘಾತದಲ್ಲಿ ತಲೆಗೆ ಜೋರು ಪೆಟ್ಟಾಗಿತ್ತು. ಗಾಯ ವಾಸಿಯಾಗಿದೆ, ಓಡಾಡುತ್ತಾನೆ, ಮಾತೂ ಸರಿಯಿದೆ. ಶಾಲೆಯ ಮೇಷ್ಟ್ರ ಹೆಸರು ಕೇಳಿದರೆ ಥಟ್ಟಂತ ಹೇಳುತ್ತಾನೆ. ಆದರೆ ಹೊಸದು ಏನೂ ನಿಲ್ಲುತ್ತಿಲ್ಲ. ಮಾತ್ರೆ ನುಂಗಿ ಲೋಟ ಕೆಳಗಿಡುವಷ್ಟರಲ್ಲಿ "ನನ್ನ ಮಾತ್ರೆ ಎಲ್ಲಿ?" ಅಂತಾನೆ.

ಫೋನ್ ಅಲಾರಂ ಪರವಾಗಿಲ್ಲ, ಉಪಯೋಗ ಆಗುತ್ತಿದೆ. ಡೈರಿ ಕೊಟ್ಟೆವು, ಬರೆಯುತ್ತಾನೆ, ಆದರೆ ಅದನ್ನು ತೆಗೆದು ನೋಡಬೇಕು ಅನ್ನೋದೇ ಮರೆತುಹೋಗುತ್ತೆ! ಮೆಮೊರಿ ಗೇಮ್ ಆಪ್‌ನಲ್ಲಿ ಸ್ಕೋರ್ ಏರಿತು, ದಿನದ ಕೆಲಸದಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಸುಮ್ನೆ ಟೈಂಪಾಸ್.

ಈಗ ಗೊಂದಲ ಏನಂದ್ರೆ, ಮನೆಯವರೆಲ್ಲ "ಯೋಚನೆ ಮಾಡು, ನೆನಪು ಬರುತ್ತೆ" ಅಂತ ಒತ್ತಾಯ ಮಾಡುತ್ತಾರೆ, ಅವನು ಏನೋ ಒಂದು ಊಹಿಸಿ ಹೇಳಿದರೆ ಆ ತಪ್ಪೇ ಗಟ್ಟಿಯಾಗಿ ಕೂತುಬಿಡುತ್ತೆ. ಬ್ಯಾಡ್ಲಿ ಮತ್ತು ವಿಲ್ಸನ್ ಅನ್ನೋ ತಜ್ಞರು 1994ರಲ್ಲೇ ಇದನ್ನು ತೋರಿಸಿದ್ದಾರೆ: ಮರೆವು ಜಾಸ್ತಿ ಇರುವವರಿಗೆ ಊಹಿಸಲು ಬಿಡದೆ ಸರಿ ಉತ್ತರ ಮೊದಲೇ ಕೊಟ್ಟು ಕಲಿಸಿದರೆ ಒಳ್ಳೆಯದು ಅಂತ. ಇನ್ನೊಂದು ವಿಧಾನದಲ್ಲಿ ಅದೇ ಪ್ರಶ್ನೆಯನ್ನು 30 ಸೆಕೆಂಡ್, 1 ನಿಮಿಷ, 2 ನಿಮಿಷ ಹೀಗೆ ಅಂತರ ಹೆಚ್ಚಿಸುತ್ತಾ ಕೇಳಬೇಕು. ಇಲ್ಲಿ ಅವನೇ ನೆನಪಿಸಿಕೊಳ್ಳಬೇಕು ಅಲ್ವಾ? ಒಂದಕ್ಕೊಂದು ಉಲ್ಟಾ ಅನಿಸುತ್ತಿದೆ.

ಡೈರಿ ನೋಡುವ ಅಭ್ಯಾಸ ಕಲಿಸೋಕೆ ಇವೆರಡನ್ನೂ ಸೇರಿಸಿ ಮಾಡಬಹುದಾ? ಅವನು ತಡವರಿಸಿದರೆ ತಕ್ಷಣ ಉತ್ತರ ಹೇಳಬೇಕಾ, ಸ್ವಲ್ಪ ಹೊತ್ತು ಕಾಯಬೇಕಾ? ಆಕ್ಯುಪೇಷನಲ್ ಥೆರಪಿ (ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವ ಚಿಕಿತ್ಸೆ) ಗೊತ್ತಿರುವವರು, ಮನೆಯಲ್ಲಿ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.